ಮೊದಲ ನಾಯಿಯ ಹಿಡಿತ

ಆ ಕಾಲಕ್ಕೆ ಆ ಊರಿನಲ್ಲಿ ಎಲ್ಲರೂ ನಂಬಿದ್ದು ಇಷ್ಟು: ಊರು ಉಳಿದದ್ದು ಮೊದಲ ನಾಯಿಯ ಹಿಡಿತದಿಂದ, ಮತ್ತು ಆಮೇಲೆ ಹುಟ್ಟಿದ ಯಾವ ನಾಯಿಗೂ ಆ ಹಿಡಿತ ಬರಲಿಲ್ಲ.

ಕಥೆ ಉದ್ದವೇನಲ್ಲ. ಒಂದು ದಿನ ಶತ್ರು ಬಂದ. ತೋಳಿಗೆ ತೊಗಲು ತೊಟ್ಟು ಬಂದ. ಎಲ್ಲಿಂದ ಬಂದ, ಯಾಕೆ ಬಂದ, ಅದೂ ಒಬ್ಬನೇ ಯಾಕೆ ಬಂದ ಎಂದು ಕೇಳುವ ಅಭ್ಯಾಸ ಊರಿಗೆ ಇರಲಿಲ್ಲ. ಮೊದಲ ನಾಯಿ ಹಾರಿ ಆ ತೋಳನ್ನು ಕೊನೆಯ ಹಲ್ಲಿನ ತನಕ ಬಾಯಿತುಂಬ ಹಿಡಿಯಿತು. ಏಳು ದಿನ ಹಿಡಿಯಿತು. ಅಗಿಯಲಿಲ್ಲ, ಜಾರಲಿಲ್ಲ, ಗುರುಗುಟ್ಟಲಿಲ್ಲ. ಎಂಟನೆಯ ದಿನ ಶತ್ರು ತೊಗಲನ್ನು ನಾಯಿಯ ಬಾಯಲ್ಲೇ ಬಿಟ್ಟು ಓಡಿಹೋದ. ಆ ಏಳು ದಿನ ಊರಿನ ಗಂಡಸರೆಲ್ಲ ಏನು ಮಾಡುತ್ತಿದ್ದರು ಎಂಬುದನ್ನು ಕಥೆ ಹೇಳುವುದಿಲ್ಲ.

ಆ ತೊಗಲ ತೋಳು ಊರಿಗೆ ಉಳಿಯಿತು. ಜೊತೆಗೊಂದು ಕಟ್ಟಳೆಯೂ ಉಳಿಯಿತು: ಮನೆಗೆ ಬಾಗಿಲಿರಕೂಡದು. ನಾಯಿಯೇ ಬಾಗಿಲು. ನಾಯಿ ಇದ್ದೂ ಬಾಗಿಲಿಡುವುದೆಂದರೆ ಮೊದಲ ನಾಯಿಯ ಮುಖಕ್ಕೆ ಉಗಿದ ಹಾಗೆ. ಹೀಗಾಗಿ ಗಾಳಿ, ಧೂಳು, ಕೋಳಿ, ಪಕ್ಕದ ಮನೆಯ ಜಗಳ, ಎಲ್ಲವೂ ಎಲ್ಲರ ಮನೆಯೊಳಗೆ ಸಲೀಸಾಗಿ ಬಂದುಹೋಗುತ್ತಿದ್ದವು. ಶತ್ರು ಮಾತ್ರ ಮತ್ತೆ ಬಂದಿರಲಿಲ್ಲ. ಅದು ನಾಯಿಗಳ ಹಿರಿಮೆ ಎಂದು ಊರು ಹೇಳುತ್ತಿತ್ತು. ಅದೇ ಉಸಿರಿನಲ್ಲಿ ಈಗಿನ ನಾಯಿಗಳು ಯಾತಕ್ಕೂ ಬಾರದವು ಎಂದೂ ಹೇಳುತ್ತಿತ್ತು. ಎರಡನ್ನೂ ಒಟ್ಟಿಗೆ ಹೇಳುವಾಗ ಯಾರ ನಾಲಿಗೆಯೂ ತೊಡರುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಹಿಡಿತದ ದಿನ. ಊರ ನಡುವಿನ ಬಯಲಿನಲ್ಲಿ ಬೂದಿಯಿಂದ ಒಂದು ವೃತ್ತ ಬರೆಯುತ್ತಿದ್ದರು. ವೃತ್ತದ ನಡುವೆ ತೋಳಿನವನು ಆ ತೊಗಲ ತೋಳನ್ನು ತೊಟ್ಟು ಅವತ್ತಿನ ಮಟ್ಟಿಗೆ ಶತ್ರುವಾಗುತ್ತಿದ್ದ. ನಾಯಿಯ ಹಲ್ಲಿಗೆ ಅರಿಸಿನ ಸುಣ್ಣ ಕಲಸಿದ ಕೆಂಪು ಹಚ್ಚುತ್ತಿದ್ದರು. ನಾಯಿಯನ್ನು ಬಿಡುತ್ತಿದ್ದರು. ನೂರು ಎಣಿಸುತ್ತಿದ್ದರು. ನಾಯಿಯನ್ನು ಬಿಡಿಸುತ್ತಿದ್ದರು. ಆಮೇಲೆ ಗುರುತು ಓದುವವನು ಬಂದು ಬಿಳಿಯ ತೊಗಲಿನ ಮೇಲೆ ಬಿದ್ದ ಕೆಂಪು ಚುಕ್ಕೆಗಳನ್ನು ಓದುತ್ತಿದ್ದ. ಹಿಂದಿನ ನಾಲ್ಕು ದವಡೆಹಲ್ಲಿನ ಗುರುತು ಬಿದ್ದಿದ್ದರೆ ಅದು ಹಿಡಿತ. ಅಂಥ ನಾಯಿಗೆ ಅಲ್ಲೇ ಹೆಸರಿಡುತ್ತಿದ್ದರು. ಬರೀ ಮುಂದಿನ ಹಲ್ಲು ಬಿದ್ದಿದ್ದರೆ ಅದು ಚಿವುಟು. ಗುರುತು ಒಂದರ ಮೇಲೊಂದು ಕಲೆಸಿಹೋಗಿದ್ದರೆ ಅಗಿತ. ಉದ್ದಕ್ಕೆ ಗೀರಿದ್ದರೆ ಜಾರು. ಮೂರು ವರ್ಷ ತಪ್ಪಿದ ನಾಯಿಯನ್ನು ಬಡಗಿಗೆ ಒಪ್ಪಿಸುತ್ತಿದ್ದರು. ಬಡಗಿ ಇಕ್ಕುಳದಿಂದ ಅದರ ಹಲ್ಲುಗಳನ್ನೆಲ್ಲ ಕಿತ್ತು, ಅದೇ ಸಂಜೆ ಆ ಮನೆಗೆ ಒಂದು ಬಾಗಿಲು ಜಡಿಯುತ್ತಿದ್ದ.

ಬಾಗಿಲು ಬಿದ್ದ ಮನೆ ಸತ್ತ ಮನೆ. ಅಲ್ಲಿಗೆ ಯಾರೂ ಬೆಂಕಿ ಕೇಳಲು ಹೋಗುತ್ತಿರಲಿಲ್ಲ, ಹೆಣ್ಣು ಕೇಳಲು ಹೋಗುತ್ತಿರಲಿಲ್ಲ. ಆ ಮನೆಯವರು ದಾರಿಯಲ್ಲಿ ಎದುರಾದರೆ ಮಕ್ಕಳು ಮೂಗು ಹಿಡಿದು ಕಿರ್‍ರ್ ಎಂದು ಬಾಗಿಲಿನ ಸದ್ದು ಮಾಡುತ್ತಿದ್ದವು. ಹಿರಿಯರು ಬೈಯುತ್ತಿದ್ದರು, ನಗು ತಡೆದುಕೊಂಡು.

ತೊಗಲು ಹೊಲಿಯುವವಳ ಬೀದಿಯಲ್ಲಿ ಹದಿನಾಲ್ಕು ಮನೆ. ಅವಳ ಅಜ್ಜಿಯ ಕಾಲಕ್ಕೆ ಒಂದಕ್ಕೂ ಬಾಗಿಲಿರಲಿಲ್ಲ. ತಾಯಿಯ ಕಾಲಕ್ಕೆ ನಾಲ್ಕಕ್ಕೆ ಬಿತ್ತು. ಈಗ ಹದಿಮೂರಕ್ಕೆ ಇತ್ತು. ಹದಿನಾಲ್ಕನೆಯದು ಅವಳದು.

ಅವಳ ನಾಯಿ ಎರಡು ವರ್ಷ ತಪ್ಪಿತ್ತು. ಎರಡು ಸಲವೂ ಚಿವುಟು. ಹೆಸರಿಲ್ಲದ ನಾಯಿಯಾದ್ದರಿಂದ ಅವಳು ಅದನ್ನು ‘ಇವನೇ’ ಎಂದು ಕರೆಯುತ್ತಿದ್ದಳು. ತೀರಿಕೊಂಡ ಗಂಡನನ್ನೂ ಹಾಗೆಯೇ ಕರೆಯುತ್ತಿದ್ದಳು. ಕರೆದಾಗ ಅವನು ತಿರುಗಿ ನೋಡಿದ್ದು ಕಡಿಮೆ. ನಾಯಿ ಪ್ರತಿ ಸಲ ನೋಡುತ್ತಿತ್ತು. ಮೂಳೆ ಹಾಕಿದರೆ ಅದನ್ನು ಎರಡು ಕಾಲಿನ ನಡುವೆ ನಿಲ್ಲಿಸಿ ಹಿಂದಿನ ಹಲ್ಲಿನಿಂದ ಕಟಕಟ ಮುರಿಯುತ್ತಿತ್ತು. ಆ ಸದ್ದು ಅವಳಿಗೆ ಇಷ್ಟ. ಪಕ್ಕದ ಮನೆಯ ಬಾಗಿಲ ಹಿಂದೆ ಮಲಗಿರುತ್ತಿದ್ದ ನಾಯಿಗೆ ಮೂಳೆ ಹಾಕುವವರಿರಲಿಲ್ಲ. ಅದು ಗಂಜಿ ನೆಕ್ಕುತ್ತಿತ್ತು. ಅರ್ಧ ಬಾಯಿಗೆ ಹೋಗುತ್ತಿತ್ತು, ಅರ್ಧ ನೆಲಕ್ಕೆ. ಆಮೇಲೆ ನೆಲ ನೆಕ್ಕುತ್ತಿತ್ತು.

“ನಮ್ದು ಹೋಯ್ತು ಕಣೇ,” ಎಂದು ಆ ಬಾಗಿಲ ಮನೆಯವಳು ಒಂದು ದಿನ ಅರ್ಧ ತೆರೆದ ಬಾಗಿಲಿನ ಸಂದಿಯಿಂದ ಹೇಳಿದಳು. “ಈ ವರ್ಷ ನಿಂದೂ ಹೋದ್ರೆ ಬೀದಿ ಸಮ ಆಗುತ್ತೆ.”

“ಬೀದಿ ಸಮ ಮಾಡೋಕೆ ನನ್ನ ನಾಯಿ ಹಲ್ಲೇ ಬೇಕಾ?”

“ಹಲ್ಲಿನ ಮಾತಲ್ಲ. ನಾವು ಸಾಕಿದ್ದು ಸರಿಯಿಲ್ಲ. ತಪ್ಪು ನಮ್ದೇ.”

“ಏನು ತಪ್ಪು?”

“ಅದು ಗೊತ್ತಿದ್ರೆ ಯಾಕೆ ಮಾಡ್ತಿದ್ವಿ?” ಎಂದು ಅವಳು ಬಾಗಿಲು ಹಾಕಿಕೊಂಡಳು. ಮಾತಿನ ಕೊನೆಗೆ ಬಾಗಿಲು ಹಾಕಿಕೊಳ್ಳುವ ಸುಖ ಬಾಗಿಲಿದ್ದವರಿಗೆ ಮಾತ್ರ ಗೊತ್ತು. ಅದನ್ನು ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ.

ತೊಗಲು ಹೊಲಿಯುವುದು ಅವಳ ಮನೆತನದ ಕೆಲಸ. ಹಿಡಿತದ ದಿನ ಬಿದ್ದ ಗುರುತುಗಳನ್ನು ಒರೆಸಕೂಡದು, ಅವಕ್ಕೆ ವರ್ಷಕ್ಕಿಂತ ಹೆಚ್ಚು ಗಾಳಿ ತಾಗಕೂಡದು ಎಂದು ಕಟ್ಟಳೆಯಿತ್ತು. ಆದ್ದರಿಂದ ಪ್ರತಿ ವರ್ಷ ಹಿಡಿತದ ದಿನಕ್ಕೆ ಹದಿನೈದು ದಿನ ಮುಂಚೆ ತೊಗಲ ತೋಳನ್ನು ಹೊತ್ತು ತಂದು ಅವಳ ಮನೆಯ ತೊಲೆಗೆ ನೇತುಹಾಕುತ್ತಿದ್ದರು. ಅವಳು ಹಳೆಯ ತೊಗಲಿನ ಮೇಲೆ ಹೊಸ ಬಿಳಿ ತೊಗಲು ಹೊಲಿದುಕೊಡುತ್ತಿದ್ದಳು. ತಾಯಿ ಹಾಗೆ ಹೊಲಿದಿದ್ದಳು, ಅಜ್ಜಿ ಹಾಗೆ ಹೊಲಿದಿದ್ದಳು. ಅಜ್ಜಿ ಒಂದು ಮರಿಯ ತೊಗಲಿನಲ್ಲಿ ಮುಗಿಸುತ್ತಿದ್ದಳಂತೆ. ತಾಯಿಗೆ ಒಂದು ಆಡು ಬೇಕಾಗುತ್ತಿತ್ತು. ಇವಳಿಗೆ ಎರಡು ಹೋತದ ತೊಗಲೂ ಸಾಲದೆ ಕಂಕುಳ ಹತ್ತಿರ ತುಂಡು ಸೇರಿಸಬೇಕಾಗುತ್ತಿತ್ತು. ಈಗಿನ ಆಡುಗಳಲ್ಲಿ ಮೊದಲಿನ ಮೈ ಇಲ್ಲ ಎಂದು ತಾಯಿ ಹೇಳುತ್ತಿದ್ದಳು. ಇವಳೂ ಹಾಗೆಯೇ ಹೇಳಿಕೊಂಡು ಬಂದಿದ್ದಳು. ಊರಿನ ಮೂರ್ಖತನದಲ್ಲಿ ಅವಳದೂ ಒಂದು ಪಾಲು, ಹೆಚ್ಚಲ್ಲ, ಒಂದು ಆಡಿನಷ್ಟು.

ತೋಳಿನವನಿಗೂ ಹಿಂದಿನವರ ಮೈ ಇರಲಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಅವನ ತಾತ ತೊಗಲ ತೋಳು ತೊಟ್ಟು ವೃತ್ತದ ಸುತ್ತ ಓಡುತ್ತಿದ್ದನಂತೆ, ಕೂಗುತ್ತಿದ್ದನಂತೆ, ನಾಯಿಗಳನ್ನು ಕೆಣಕುತ್ತಿದ್ದನಂತೆ. ಅಪ್ಪ ಓಡುವುದು ಬಿಟ್ಟು ನಡೆಯುತ್ತಿದ್ದ. ಇವನು ಮುಕ್ಕಾಲಿಯ ಮೇಲೆ ಕೂತು, ತೋಳನ್ನು ಎದುರಿನ ಕವೆಗೋಲಿನ ಮೇಲೆ ಒರಗಿಸಿ, ಬೆವರು ಒರೆಸಿಕೊಳ್ಳುತ್ತಿದ್ದ. ಶತ್ರು ಕೂತುಕೊಂಡೇ ದಾಳಿ ಮಾಡುತ್ತಿದ್ದ. ನಾಯಿಗಳೇ ಅವನ ಬಳಿ ಹೋಗಬೇಕಾಗಿತ್ತು.

ಹಿಡಿತದ ದಿನಕ್ಕೆ ನಲವತ್ತು ದಿನವಿದ್ದಾಗ ಅವಳು ನಾಯಿಯನ್ನು ಕರೆದುಕೊಂಡು, ನಾಯಿಗಳ ಹಿಡಿತ ತಿದ್ದುವವನ ಬಳಿ ಹೋದಳು.

ತಿದ್ದುವವನು ಊರಿನಲ್ಲೆಲ್ಲ ದೊಡ್ಡ ಹೆಸರಿನವನು. ಹಿಡಿತ ಕೆಟ್ಟಷ್ಟೂ ಅವನ ಹೆಸರು ಬೆಳೆದಿತ್ತು. ಅವನ ಮನೆಗೂ ಬಾಗಿಲಿತ್ತು. ಅದನ್ನು ಅವನು ಅನುಭವ ಎನ್ನುತ್ತಿದ್ದ. ಅವನ ಅಂಗಳದಲ್ಲಿ ತೊಗಲು ಸುತ್ತಿದ ಒಂದು ಕಂಬ. ತೊಗಲ ತೋಳಿಗೆ ಸರಿಸಮ ಇರಲಿ ಎಂದು ಅವನು ಪ್ರತಿ ವರ್ಷ ಅದಕ್ಕೆ ಇನ್ನೊಂದು ಸುತ್ತು ಸುತ್ತಿಸುತ್ತಿದ್ದ.

“ಎರಡು ಸಲ ಚಿವುಟು,” ಎಂದಳು ಹೊಲಿಯುವವಳು.

ತಿದ್ದುವವನು ನಾಯಿಯ ತುಟಿ ಎತ್ತಿ ನೋಡಿದ. “ಹಲ್ಲು ಚೆನ್ನಾಗಿದಾವೆ.”

“ಅದಕ್ಕೇ ಉಳಿಸಿಕೊಳ್ಳೋಣ ಅಂತ.”

“ಹಲ್ಲಿದ್ದು ಏನು ಮಾಡೋದು ತಾಯಿ, ಹಿಡಿತ ಹಲ್ಲಲ್ಲಿಲ್ಲ. ಹಿಂಜರಿಕೆ ಇದೆ ಇದಕ್ಕೆ.”

ಮೊದಲು ಹಗ್ಗ. ನಾಯಿ ಕಂಬಕ್ಕೆ ಬಾಯಿ ಹಾಕಿದ ಕೂಡಲೆ ಹಿಂದಿನಿಂದ ಎಳೆಯಬೇಕು. ಕಿತ್ತುಕೊಳ್ಳುತ್ತಾರೆಂದು ಅದು ಇನ್ನಷ್ಟು ಆಳಕ್ಕೆ ಹಿಡಿಯುತ್ತದೆ. ಎಳೆದರು. ನಾಯಿಯ ಮುಂದಿನ ಹಲ್ಲು ತೊಗಲಿನ ಮೇಲೆ ಗೀರುತ್ತ ಬಂತು. ಈಗ ಚಿವುಟಿನ ಜೊತೆ ಜಾರು. ಆಮೇಲೆ ಬೆತ್ತ. ಜಾರಿದಾಗಲೆಲ್ಲ ಪಕ್ಕೆಗೆ ಒಂದು. ನಾಯಿ ಹೆದರಿ, ಹಿಡಿದದ್ದನ್ನು ಬಿಟ್ಟು ಹಿಡಿದು, ಬಿಟ್ಟು ಹಿಡಿದು, ಕಬ್ಬು ಜಗಿದ ಹಾಗೆ ಕಂಬವನ್ನು ಜಗಿಯತೊಡಗಿತು.

“ಈಗ ಅಗಿತವೂ ಬಂತು,” ಎಂದಳು ಅವಳು.

“ನೋಡು, ಬದಲಾವಣೆ ಕಾಣ್ತಿದೆ,” ಎಂದ ತಿದ್ದುವವನು.

ಮೂರು ದಿನ ಉಪವಾಸ ಹಾಕಿಸಿದ. ನಾಲ್ಕನೆಯ ದಿನ ನಾಯಿ ಕಂಬವನ್ನು ನೆಕ್ಕಿತು. ತಿದ್ದುವವನು ಬಹಳ ಹೊತ್ತು ಗಡ್ಡ ನೀವಿಕೊಂಡ. ಆಮೇಲೆ ನಾಯಿಯನ್ನು ಬಿಟ್ಟು ಅವಳನ್ನೇ ನೋಡತೊಡಗಿದ. ನಾಯಿಯಲ್ಲಿ ಹುಡುಕುವುದೆಲ್ಲ ಮುಗಿದಾಗ ಅವನು ಎಲ್ಲರನ್ನೂ ಹಾಗೆಯೇ ನೋಡುತ್ತಿದ್ದ.

“ಬಾಯಿ ತೆಗಿ ತಾಯಿ.”

“ನಂದಾ?”

“ನಾಯಿಗೆ ಹಿಡಿತ ಇಳಿದು ಬರೋದು ಸಾಕಿದವರ ದವಡೆಯಿಂದ. ನಿನ್ನ ದವಡೆ ಸಡಿಲ. ಮಾತು ಜಾಸ್ತಿ ಆಡ್ತೀಯಾ ಅನ್ಸುತ್ತೆ.”

ಅವಳ ಕೈಗೆ ಅರ್ಧ ತೆಂಗಿನಮಟ್ಟೆ ಕೊಟ್ಟ. ದಿನಾ ಸೂರ್ಯ ಹುಟ್ಟುವಾಗ ಹೊಸ್ತಿಲಲ್ಲಿ ಕೂತು ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿಯಬೇಕು. ನೂರು ಉಸಿರಿನ ತನಕ ಬಿಡಬಾರದು, ಅಗಿಯಬಾರದು, ಜೊಲ್ಲು ಒರೆಸಬಾರದು.

ಅವಳೊಬ್ಬಳೇ ಅಲ್ಲ. ಆ ವರ್ಷ ಊರಿನ ಪ್ರತಿ ಬೀದಿಯಲ್ಲೂ ಬಾಗಿಲಿಲ್ಲದ ಹೊಸ್ತಿಲುಗಳ ಮೇಲೆ ಮುಂಜಾವಿಗೆ ಜನ ಮಟ್ಟೆ ಕಚ್ಚಿ ಕೂತಿರುತ್ತಿದ್ದರು. ಗಂಡಸರು ಕೂತಿರುತ್ತಿದ್ದರು, ಹೆಂಗಸರು ಕೂತಿರುತ್ತಿದ್ದರು, ಹಲ್ಲಿಲ್ಲದ ಮುದುಕರು ಒಸಡಿನಿಂದ ಕಚ್ಚಿ ಕೂತಿರುತ್ತಿದ್ದರು. ಜೊಲ್ಲು ಗಲ್ಲದಿಂದ ಮಂಡಿಗೆ ಇಳಿಯುತ್ತಿತ್ತು. ದಾರಿಹೋಕರು ಮಾತಾಡಿಸಿದರೆ ಇವರು ಉಂ ಎನ್ನುತ್ತಿದ್ದರು. ಅವರ ಪಕ್ಕದಲ್ಲಿ ನಾಯಿಗಳು ಬಾಯಿ ಮುಚ್ಚಿಕೊಂಡು ಕೂತು, ಸಾಕಿದವರನ್ನು ಕನಿಕರದಿಂದ ನೋಡುತ್ತಿದ್ದವು. ಆ ಹೊತ್ತಿನಲ್ಲಿ ಶತ್ರು ಬಂದಿದ್ದರೆ ನಕ್ಕು ನಕ್ಕೇ ಸಾಯುತ್ತಿದ್ದ, ಅದೊಂದು ಕಾವಲು.

ಅವಳು ಮೂರು ದಿನ ಕಚ್ಚಿದಳು. ನಾಲ್ಕನೆಯ ದಿನ ಎಪ್ಪತ್ತನೆಯ ಉಸಿರಿಗೆ ನಾರು ಗಂಟಲಿಗೆ ಹೋಗಿ ಕೆಮ್ಮು ಬಂತು. ಮಟ್ಟೆಯನ್ನು ಅಂಗಳಕ್ಕೆ ಉಗಿದಳು.

ನಾಯಿ ಎದ್ದು ಹೋಗಿ ಆ ಮಟ್ಟೆಯನ್ನು ಎತ್ತಿಕೊಂಡು ಬಂತು. ಅವಳ ಮುಂದೆ ಕೂತಿತು. ಬಿಡಲಿಲ್ಲ. ಅಗಿಯಲಿಲ್ಲ. ಗುರುಗುಟ್ಟಲಿಲ್ಲ. ಮಟ್ಟೆ ಅದರ ಬಾಯಿಯೊಳಗೆ, ತುಟಿಯ ಮೂಲೆಯ ತನಕ, ಕೊನೆಯ ಹಲ್ಲಿನ ತನಕ ಹೋಗಿತ್ತು.

ಅವಳು ಒಂದು ತುದಿ ಹಿಡಿದು ಎಳೆದಳು. ನಾಯಿ ಎದ್ದು ಬಂತು, ಮಟ್ಟೆ ಬರಲಿಲ್ಲ.

“ಏ ಇವನೇ,” ಎಂದಳು ಅವಳು ಮೆಲ್ಲಗೆ. “ಇದೇನು ಮಾಡ್ತಿದೀಯಾ?”

ನಾಯಿ ಬಾಲ ಆಡಿಸಿತು. ಬಾಯಿ ಆಡಿಸಲಿಲ್ಲ.

ಅವಳು ಒಳಗೆ ಹೋಗಿ ಹಳೆಯ ಕಂಬಳಿಯ ತುಂಡನ್ನು ಎಡತೋಳಿಗೆ ಮೂರು ಸುತ್ತು ಸುತ್ತಿಕೊಂಡಳು. ಅರಿಸಿನ ಸುಣ್ಣ ಕಲಸಿ ನಾಯಿಯ ಹಲ್ಲಿಗೆ ಹಚ್ಚಿದಳು. ತೋಳನ್ನು ಮುಂದೊಡ್ಡಿದಳು. ನಾಯಿ ಅವಳ ಮುಖ ನೋಡಿತು, ತೋಳು ನೋಡಿತು, ಹಾರಿ ಹಿಡಿಯಿತು. ನೋವಾಯಿತು. ಅವಳು ನೂರು ಎಣಿಸಿದಳು, ನೂರೂ ಸರಿಯಾಗಿ ಎಣಿಸಿದಳು. ಬಿಡು ಎಂದಳು, ಬಿಟ್ಟಿತು. ಕಂಬಳಿಯನ್ನು ಬಿಚ್ಚಿ ನೆಲದ ಮೇಲೆ ಹಾಸಿ ನೋಡಿದರೆ ಹಿಂದಿನ ನಾಲ್ಕು ಹಲ್ಲು, ಕುಂಕುಮದ ಬೊಟ್ಟಿನ ಹಾಗೆ.

ತಿದ್ದುವವನಿಗೆ ಅದನ್ನು ಒಯ್ದು ತೋರಿಸಿದಳು. ಅವನು ಕಂಬಳಿಯನ್ನು ಕೈಯಲ್ಲಿ ಹಿಡಿಯಲೂ ಇಲ್ಲ.

“ಮನೇಲಿ ಹಿಡಿಯೋದು ಹಿಡಿತ ಅಲ್ಲ ತಾಯಿ. ಅದು ಆಟ.”

“ಹಲ್ಲು ಅವೇ ಅಲ್ವಾ?”

“ಹಲ್ಲು ಅವೇ. ಎದುರಿಗೆ ಶತ್ರು ಇಲ್ವಲ್ಲ.”

“ನಿಮ್ಮ ಅಂಗಳದಲ್ಲಿ ಇರೋದು ಕಂಬ.”

“ಮಾತು ಜಾಸ್ತಿ ಅಂತ ಆಗಲೇ ಹೇಳಿದೆ,” ಎಂದ ತಿದ್ದುವವನು, ಇನ್ನೊಂದು ಮಟ್ಟೆ ಕೊಟ್ಟ. ಅವಳು ಅದನ್ನು ಒಲೆಗೆ ಹಾಕಿದಳು. ಚೆನ್ನಾಗಿ ಉರಿಯಿತು.

ಹದಿನೈದು ದಿನ ಉಳಿದಾಗ ತೊಗಲ ತೋಳು ಅವಳ ಮನೆಗೆ ಬಂತು. ನಾಲ್ಕು ಜನ ಹೊತ್ತು ತಂದರು. ತೊಲೆಗೆ ನೇತುಹಾಕುವಾಗ ತೊಲೆ ಕಿರುಗುಟ್ಟಿತು. ತೋಳಿನ ಬಳಿ ನಾಯಿ ಸುಳಿಯಬಾರದು ಎಂದು ಕಟ್ಟಳೆ. ನಾಲ್ಕು ಜನ ಬೀದಿ ತಿರುಗುವುದನ್ನೇ ಕಾದು ಅವಳು ನಾಯಿಯನ್ನು ಒಳಗೆ ಕರೆದಳು.

“ಹಿಡಿ.”

ನಾಯಿ ತೋಳಿನ ಎಡಕ್ಕೆ ಬಂತು, ಬಲಕ್ಕೆ ಬಂತು. ಬಾಯಿ ಅಗಲಿಸಿತು. ಇನ್ನಷ್ಟು ಅಗಲಿಸಿತು. ಹಂಡೆಗೆ ಬಾಯಿ ಹಾಕಿದ ಹಾಗೆ ಮುಂದಿನ ಹಲ್ಲು ತೊಗಲಿನ ಮೇಲ್ಮೈಗೆ ತಾಗಿ ಜಾರಿದವು. ನಾಯಿ ಹಿಂದೆ ಸರಿದು ಅವಳ ಮುಖ ನೋಡಿತು. ಆ ನೋಟದಲ್ಲಿ ಹಿಂಜರಿಕೆ ಇರಲಿಲ್ಲ. ಇದನ್ನು ಎಲ್ಲಿಂದ ಹಿಡಿಯುವುದು ಎಂಬ ಕೆಲಸಗಾರನ ಪ್ರಶ್ನೆ ಇತ್ತು.

ಅವಳು ಗೂಡಿನಿಂದ ಅಳತೆಯ ದಾರ ತೆಗೆದಳು. ಅದು ಅಜ್ಜಿಯದು. ತೊಗಲು ಕತ್ತರಿಸುವ ಮುಂಚೆ ತೋಳಿನ ಸುತ್ತ ಹಿಡಿದು ಗಂಟು ಹಾಕುವ ದಾರ. ಪ್ರತಿ ವರ್ಷ ಒಂದು ಗಂಟು, ಒಂದರ ಮುಂದೆ ಒಂದು. ಗಂಟುಗಳು ಒಂದೇ ದಿಕ್ಕಿಗೆ ಸಾಗಿದ್ದವು. ಅವಳು ಹತ್ತೊಂಬತ್ತು ವರ್ಷ ಗಂಟು ಹಾಕಿದ್ದಳು, ಒಂದು ಸಲವೂ ಹಿಂದಿನ ಗಂಟುಗಳನ್ನು ನೋಡಿರಲಿಲ್ಲ. ದಾರದ ಬುಡದಲ್ಲಿ ಅಜ್ಜಿಯ ಮೊದಲ ಗಂಟು. ಆ ಗಂಟಿನ ತನಕದ ದಾರವನ್ನು ತನ್ನ ಮೊಣಕೈಯ ಕೆಳಗೆ ಸುತ್ತಿ ನೋಡಿದಳು. ಸರಿಯಾಗಿ ಕೂತಿತು. ಈ ವರ್ಷದ ಅಳತೆಯನ್ನು ಸೊಂಟಕ್ಕೆ ಸುತ್ತಿ ನೋಡಿದಳು. ಅದೂ ಸರಿಯಾಗಿ ಕೂತಿತು.

“ಆಡುಗಳ ಮೈ ಹಾಗೇ ಇದೆ ಕಣೋ,” ಎಂದಳು ನಾಯಿಗೆ. ಆ ವರ್ಷ ಅವಳು ಹೊಸ ತೊಗಲು ಹೊಲಿಯಲಿಲ್ಲ.

ಹಿಡಿತದ ದಿನ ಬಿಸಿಲು ಚುರುಕಾಗಿತ್ತು. ಬೂದಿಯ ವೃತ್ತ, ವೃತ್ತದ ಸುತ್ತ ಊರು. ತೋಳಿನವನು ಮುಕ್ಕಾಲಿಯ ಮೇಲೆ ಕೂತು ಕವೆಗೋಲಿಗೆ ತೋಳು ಒರಗಿಸಿದ್ದ. ಬಡಗಿ ಒಂದು ಕಡೆ ಇಕ್ಕುಳ ಇಟ್ಟುಕೊಂಡು, ಇನ್ನೊಂದು ಕಡೆ ಬಾಗಿಲುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ನಿಂತಿದ್ದ. ಎಷ್ಟು ಬೇಕಾಗಬಹುದೆಂದು ಈಚೆಗೆ ಅವನಿಗೆ ಮೊದಲೇ ಅಂದಾಜಿರುತ್ತಿತ್ತು. ನಾಯಿಗಳು ಬಂದವು. ಚಿವುಟಿದವು. ಹೋದವು. ಚಿವುಟು, ಎಂದ ಗುರುತು ಓದುವವನು. ಚಿವುಟು. ಜಾರು. ಚಿವುಟು. ಪ್ರತಿ ಸಲವೂ ಊರು ನಿಟ್ಟುಸಿರಿಟ್ಟಿತು, ತುಸು ತೃಪ್ತಿಯಿಂದ.

ಹೊಲಿಯುವವಳ ಸರದಿ ಬಂದಾಗ ಗುರುತು ಓದುವವನು ತೋಳಿನ ಕಡೆ ಬಾಗಿ ಹುಬ್ಬು ಗಂಟಿಕ್ಕಿದ. “ತೊಗಲು ಹೋದ ವರ್ಷದ್ದೇ ಅಲ್ವೇನಮ್ಮಾ ಇದು? ಹಳೇ ಗುರುತುಗಳ ಮೇಲೇ ಈ ವರ್ಷದವನ್ನೂ ಓದಿದ್ನಾ ನಾನು?”

“ನಿಮಗೆ ಗೊತ್ತಾಗ್ಲಿಲ್ವಲ್ಲ, ಬಿಡಿ,” ಎಂದಳು ಅವಳು. “ಹೊಸದು ಹೊಲಿದಿಲ್ಲ. ಇನ್ನು ಹೊಲಿಯೋದೂ ಇಲ್ಲ. ತೋಳು ದಪ್ಪ ಆಗಿದೆ. ನಾಯಿ ಬಾಯಿಗಿಂತ ದಪ್ಪ.”

ಎಲ್ಲೋ ಹಿಂದಿನಿಂದ ನಗು ಬಂತು.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!” ಎಂದು ಕೂಗಿದ ತಿದ್ದುವವನು.

“ನೆಲ ನೋಡಿದೀರಾ ಯಾರಾದ್ರೂ?” ಎಂದಳು ಅವಳು. “ಡೊಂಕೇ ಇದೆ.” ದಾರವನ್ನು ಬಿಚ್ಚಿ ಎತ್ತಿ ಹಿಡಿದಳು. “ಇದು ನಮ್ಮಜ್ಜಿ ಗಂಟು. ಇದು ನಂದು. ಯಾರಿಗಾದ್ರೂ ಸೊಂಟದಷ್ಟು ದಪ್ಪ ತೋಳಿರೋ ಶತ್ರು ಗೊತ್ತಿದ್ರೆ ಹೇಳಿ, ನಾನೇ ಹೋಗಿ ನೋಡ್ಕೊಂಡು ಬರ್ತೀನಿ.”

“ತೋಳನ್ನ ಅಳೆದ್ಯಾ?” ಗುರುತು ಓದುವವನ ದನಿ ತಗ್ಗಿತು. “ನಾಯೀನ ಅಳೀತಾರೆ. ತೋಳನ್ನ ಅಳೆಯಲ್ಲ.”

“ಅದಕ್ಕೇ ಹೇಳ್ತಿದೀನಿ.”

ಬಾಗಿಲ ಮನೆಯವಳು ಮುಂದೆ ಬಂದಳು. ಅವಳ ಮುಖ ಕೆಂಪಾಗಿತ್ತು. “ಹಾಗಾದ್ರೆ ನಮ್ಮ ನಾಯಿ ಹಲ್ಲು ಸುಮ್ಮನೆ ಕಿತ್ರು ಅಂತೀಯೇನೇ? ಹದಿಮೂರು ಮನೇದೂ ಸುಮ್ಮನೇನಾ? ಬಾಯಿ ಮುಚ್ಚು!” ಬಾಗಿಲಿದ್ದವರೆಲ್ಲ ಅವಳ ಹಿಂದೆ ನಿಂತು ಹೂಂಗುಟ್ಟಿದರು. ಕಳೆದುಕೊಂಡವರಷ್ಟು ಗಟ್ಟಿಯಾಗಿ ಆ ಊರಿನ ನಂಬಿಕೆಯನ್ನು ಹಿಡಿದವರು ಬೇರೆ ಇರಲಿಲ್ಲ. ಅದೊಂದರಲ್ಲಿ ಮಾತ್ರ ಅವರ ಹಿಡಿತ ಕೊನೆಯ ಹಲ್ಲಿನ ತನಕ ಇತ್ತು.

ಗುರುತು ಓದುವವನು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಧೈರ್ಯವಿತ್ತು. ಕಣ್ಣಿಂದ ನೋಡದೆ ನಂಬಿದವನ ಧೈರ್ಯ.

“ಎಲ್ಲಾದಕ್ಕಿಂತ ಒಳಗೆ ಮೊದಲ ತೊಗಲಿದೆ,” ಎಂದ. “ಶತ್ರು ಬಿಟ್ಟು ಹೋಗಿದ್ದು. ಅದರ ಮೇಲೆ ಮೊದಲ ನಾಯಿಯ ಗುರುತಿದೆ. ಏಳು ದಿನದ ಗುರುತು. ಬಿಚ್ಚು. ನೀನು ಹೊಲಿದಿದ್ದು, ನೀನೇ ಬಿಚ್ಚು. ಮೊದಲ ತೊಗಲ ತನಕ ಬಿಚ್ಚಿ, ಆ ಗುರುತಿನ ಪಕ್ಕ ನಿನ್ನ ನಾಯಿ ಕೈಲಿ ಹಿಡಿಸು. ಅದರ ಅರ್ಧದಷ್ಟು ಆಳ ಬಿದ್ರೂ ನಾಯಿಗೆ ಹೆಸರಿಡ್ತೀನಿ, ಬಡಗಿ ಇಕ್ಕುಳ ಬಾವಿಗೆ ಹಾಕಿಸ್ತೀನಿ. ಬೀಳ್ಲಿಲ್ಲ ಅಂದ್ರೆ ನಾಯಿ ಹಲ್ಲಿನ ಜೊತೆ ನಿನ್ನ ಹಲ್ಲೂ ಕೀಳ್ತಾರೆ. ಒಪ್ಪಿಗೆನಾ?”

ಅವಳು ನಾಯಿಯನ್ನು ನೋಡಿದಳು. ನಾಯಿ ಕರೆಯದಿದ್ದರೂ ತಿರುಗಿ ನೋಡಿತು.

“ಒಪ್ಪಿಗೆ,” ಎಂದಳು.

ಬಡಗಿ ಬಂದು ನಾಯಿಯ ಪಕ್ಕದಲ್ಲಿ ಇಕ್ಕುಳ ಹಿಡಿದು ಕುಕ್ಕರಗಾಲಲ್ಲಿ ಕೂತ. ಅವಳು ಮಂಡಿಯೂರಿ ಕತ್ತಿಯ ತುದಿಯಿಂದ ಹೊಲಿಗೆ ಕೀಳತೊಡಗಿದಳು.

ಮೊದಲು ಅವಳದೇ ತೊಗಲುಗಳು ಕಳಚಿದವು. ಒಂದೊಂದರ ಮೇಲೂ ಸಾಸಿವೆ ಚೆಲ್ಲಿದ ಹಾಗೆ ಮುಂದಿನ ಹಲ್ಲಿನ ಚುಕ್ಕೆ. ಹತ್ತೊಂಬತ್ತು. ಆಮೇಲೆ ತಾಯಿಯವು. ತಾಯಿಯ ತೊಗಲುಗಳಲ್ಲಿ ಇಳಿದಂತೆಲ್ಲ ಚುಕ್ಕೆಗಳ ಹಿಂದೆ ಇನ್ನೆರಡು ಹಲ್ಲು ಕಾಣಿಸಿಕೊಂಡವು. ಆಮೇಲೆ ಅಜ್ಜಿಯವು. ಅಜ್ಜಿಯ ತೊಗಲುಗಳಲ್ಲಿ ಹಿಂದಿನ ನಾಲ್ಕು ಹಲ್ಲು, ಮನೆಮನೆಯ ನಾಯಿಯದು, ಹೆಸರು ಮರೆತುಹೋದ ಯಾವಯಾವುದೋ ನಾಯಿಯದು, ಎಲ್ಲವೂ ಬಾಯಿತುಂಬ.

“ನೋಡಿದ್ರಾ!” ಎಂದು ತಿದ್ದುವವನು ಕುಣಿದ. “ಹಳಬರ ಹಿಡಿತ ನೋಡಿದ್ರಾ! ನಾನು ಹೇಳ್ತಾನೇ ಇದ್ದೆ!”

ಊರು ಹೌದು ಹೌದು ಎಂದಿತು. ಕೆಲವರು ಕಣ್ಣೊರೆಸಿಕೊಂಡರು. ಅವಳ ಪಕ್ಕದಲ್ಲಿ ತೊಗಲಿನ ರಾಶಿ ಆಳೆತ್ತರ ಬೆಳೆದಿತ್ತು. ತೋಳು ಮನುಷ್ಯನ ತೋಳಿನಷ್ಟಕ್ಕೆ ಇಳಿದಿತ್ತು. ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ಗುರುತು ನೋಡುತ್ತಿದ್ದರು. ತೋಳಿನವನು ಮಾತ್ರ ಕವೆಗೋಲಿನಿಂದ ಕೈ ಎತ್ತಿದ. ಬೆರಳು ಆ ಕಡೆ ಈ ಕಡೆ ಆಡಿಸಿದ. ಆಮೇಲೆ ಮುಕ್ಕಾಲಿಯಿಂದ ಎದ್ದು ನಿಂತ. ಅವನಿಗೆ ಓಡಬೇಕೆನಿಸಿತು.

ಅರವತ್ತೊಂದನೆಯ ತೊಗಲು ಕಳಚಿತು. ಅದು ಅಜ್ಜಿ ಹೊಲಿದ ಮೊದಲನೆಯದು. ಸಾವಿರ ವರ್ಷದ ತೊಗಲುಗಳಿರಬೇಕೆಂದು ಊರು ಅಂದುಕೊಂಡಿತ್ತು. ಅದರ ಅಡಿಯಲ್ಲಿ ಇನ್ನು ಒಂದೇ ಇತ್ತು.

ತೆಂಗಿನಕಾಯಿ ಒಡೆದರು. ಜನ ನೆಲಕ್ಕೆ ಹಣೆ ತಾಗಿಸಿದರು. ನಾಯಿಯ ಹಲ್ಲಿಗೆ ಕೆಂಪು ಹಚ್ಚಿ ಅದನ್ನು ವೃತ್ತದೊಳಗೆ ತಂದರು. ಬಡಗಿ ಇಕ್ಕುಳದ ಬಾಯಿ ತೆರೆದ.

“ಮೊದಲು ಮೊದಲ ನಾಯಿಯ ಗುರುತು ಓದಿ,” ಎಂದಳು ಹೊಲಿಯುವವಳು. “ಎಲ್ಲರಿಗೂ ಕೇಳೋ ಹಾಗೆ ಓದಿ. ಆಮೇಲೆ ನಮ್ಮವನು ಅದರ ಪಕ್ಕದಲ್ಲೇ ಹಿಡೀತಾನೆ.”

ಗುರುತು ಓದುವವನು ಆ ತೊಗಲಿನ ಮೇಲಿನ ಧೂಳನ್ನು ಬಾಯಿಂದ ಊದಿದ. ಬಿಸಿಲಿಗೆ ಹಿಡಿದ. ತೋಳಿನವನ ಕೈಯನ್ನು ಒಮ್ಮೆ ಹೊರಳಿಸಿ ನೋಡಿದ. ಇನ್ನೊಮ್ಮೆ ಹೊರಳಿಸಿದ. ಬೆರಳಿನಿಂದ ಮಣಿಕಟ್ಟಿನಿಂದ ಮೊಣಕೈ ತನಕ ಸವರಿದ, ಮತ್ತೆ ಮೊಣಕೈಯಿಂದ ಮಣಿಕಟ್ಟಿನ ತನಕ ಸವರಿದ.

ಅದರ ಮೇಲೆ ಒಂದು ಹಲ್ಲಿನ ಗುರುತೂ ಇರಲಿಲ್ಲ.